ಸ್ಲೈಡ್ ರೂಲಿಗೆ ಬೆಲ್ಲದ ತೂಕ

ಆ ಸ್ಲೈಡ್ ರೂಲು ದಂತದ ಬಣ್ಣದ್ದಾಗಿತ್ತು ಎಂದು ನನ್ನ ನೆನಪು. ಬರೀ ರಟ್ಟಿನದು ಎನ್ನುತ್ತಾಳೆ ಅಕ್ಕ. ಐವತ್ತರ ದಶಕದ ಮಾತು. ಧಾರವಾಡದಲ್ಲಿ ಡಿಗ್ರಿ ಮುಗಿಸಿ, ಯಾವುದನ್ನೂ ನಂಬದವನಾಗಿ ಇಳಕಲ್ಲಿಗೆ ಮರಳಿದ್ದ ನಾನು ಈಗ ನನ್ನ ನೆನಪನ್ನೂ ಅಷ್ಟಾಗಿ ನಂಬುವುದಿಲ್ಲ.

ಅಕ್ಕನ ಮಗಳಿಗೆ ಜ್ವರ ಬಿಡದೆ ಹಿಡಿದಿತ್ತು. ಔಷಧ ಕಡಿಮೆಯಾದರೆ ಜ್ವರ ಇಳಿಯದು, ಹೆಚ್ಚಾದರೆ ಕೂಸು ತಾಳದು ಎಂದರು ಡಾಕ್ಟರು. ಅದಕ್ಕೇ ಔಷಧದ ಕಂಪನಿಯವರು ಅವರಿಗೆ ಕೊಟ್ಟಿದ್ದ ಆ ಸ್ಲೈಡ್ ರೂಲಿನ ಪಟ್ಟಿ. ನಡುವಿನ ತುಂಡನ್ನು ಸರಿಸಿ ಕೂಸಿನ ತೂಕಕ್ಕೆ ಗೆರೆ ಕೂಡಿಸಿದರೆ ಕೆಳಗಿನ ಕಿಂಡಿಯಲ್ಲಿ ಔಷಧದ ಅಳತೆ ಕಾಣುತ್ತಿತ್ತು.

“ಕೂಸಿನ್ನ ತೂಗಬಾರದ್ರಿ, ದೃಷ್ಟಿ ಆಗ್ತೈತಿ,” ಎಂದಳು ನಮ್ಮಜ್ಜಿ. ಊರಿಗೆಲ್ಲ ಆಕೆ ಆಯಿ.

“ಆಯಿ, ಅಕ್ಕ ಕೂಸಿನ್ನ ಎತಗೊಂಡು ನಿಂದರ್ಲಿ. ಆಮ್ಯಾಲೆ ಅಕ್ಕನ ತೂಕ ಕಳದ್ರಾತು,” ಎಂದೆ.

“ಕಳದ ಮ್ಯಾಲೆ ಉಳಿಯೂದು ಯಾರ ತೂಕ ಲೇ? ಡಿಗ್ರಿ ಮುಗಿಸಿ ಬಂದು ನನಗ ಮಂಕುಬೂದಿ ಎರಚ್ತಿ?”

ಡಾಕ್ಟರು ಪಟ್ಟಿಯನ್ನು ಮೇಜಿನ ಮೇಲಿಟ್ಟರು. ಅಳುತ್ತಿದ್ದ ಅಕ್ಕನೇ ದಾರಿ ತೆಗೆದಳು: “ಬನಶಂಕರಿಗೆ ತುಲಾಭಾರ ಮಾಡ್ಸೂಣು. ದೇವರ ಹೆಸರಿಲೆ ತೂಗಿದ್ರ ದೃಷ್ಟಿ ಎಲ್ಲಿಂದ ಬರ್ತೈತಿ?”

ಬಾದಾಮಿಯ ತಾಯಿಗೆ ಎದುರಾಡುವ ಧೈರ್ಯ ಆಯಿಗಿರಲಿಲ್ಲ. ದವಾಖಾನೆಯ ಪಕ್ಕದ ನೂಲಿನ ಅಂಗಡಿಯಲ್ಲಿ ದೊಡ್ಡ ತಕ್ಕಡಿ ಇತ್ತು. ಒಂದು ತಟ್ಟೆಯಲ್ಲಿ ಕೂಸು, ಇನ್ನೊಂದರಲ್ಲಿ ಪೌಂಡಿಗೊಂದರಂತೆ ಕಟ್ಟಿಸಿದ ಬೆಲ್ಲದ ಉಂಡೆಗಳು. ಉಂಡೆ ಎಣಿಸಿದರೆ ತೂಕ ಸಿಕ್ಕಿತು ಎಂಬುದು ಡಾಕ್ಟರರ ಲೆಕ್ಕ. ಆದರೆ ತಕ್ಕಡಿ ಸಮ ನಿಲ್ಲುವ ಮೊದಲೇ ಆಯಿ ಎರಡೂ ಕೈಯಿಂದ ಬೆಲ್ಲ ಸುರಿದಳು. ಕೂಸು ಮೇಲಕ್ಕೆ ಹೋಯಿತು.

“ಆಯಿ, ಸಮ ಇರಬೇಕ್ರಿ!” ಎಂದರು ಡಾಕ್ಟರು.

“ತುಲಾಭಾರದಾಗ ದೇವರ ತಟ್ಟಿ ನೆಲ ಮುಟ್ಟಬೇಕ್ರಿ,” ಎಂದು ಮತ್ತೊಂದು ಉಂಡೆ ಇಟ್ಟಳು.

ಡಾಕ್ಟರು ಪಟ್ಟಿಯನ್ನು ಆಕೆಯ ಕಣ್ಣೆದುರೇ ಜಗ್ಗಿದರು. “ನೋಡ್ರಿ, ನೀವು ಬೆಲ್ಲ ಏರಿಸಿದಂಗ ಕೂಸಿನ ಕಹಿ ಔಷಧಾನೂ ಏರ್ತೈತಿ.”

ಆಯಿ ಬಗ್ಗಿ ಕಿಂಡಿಯನ್ನು ನೋಡಿದಳು. ಕೂಸಿನ ಬಾಡಿದ ಮುಖವನ್ನೂ ನೋಡಿದಳು. ತಾಯಿಗೆ ತಪ್ಪುಕಾಣಿಕೆ ಒಪ್ಪಿಸುವೆನೆಂದು ತುಟಿಯೊಳಗೇ ಹೇಳಿಕೊಳ್ಳುತ್ತ ಒಂದೊಂದೇ ಉಂಡೆ ತೆಗೆದಳು. ಮುಳ್ಳು ನಡುವೆ ಬಂದ ಕೂಡಲೇ ಡಾಕ್ಟರು “ಸಾಕ್ರಿ!” ಎಂದು ಕೂಗಿದ ರಭಸಕ್ಕೆ ಕೂಸು ಬೆಚ್ಚಿ ಅತ್ತಿತು.

ಔಷಧ ಹತ್ತಿತು. ಜ್ವರ ಬಿಟ್ಟ ಬೆಳಿಗ್ಗೆ ಕೂಸು ಕಣ್ಣು ತೆರೆದದ್ದೇ ಬೆಲ್ಲ ಕೇಳಿತು. “ಅದು ತಾಯಿಗೆ ಮೀಸಲ. ಮುಟ್ಟಿದ್ರ ತಕ್ಕಡ್ಯಾಗ ಕುಂದರಸ್ತೇನಿ ನೋಡು!” ಎಂದು ಆಯಿ ಗದರಿದಳು. ಇದನ್ನು ನಾನು ಎಷ್ಟೋ ಜನರಿಗೆ ಹೇಳಿ ನಗಿಸಿದ್ದೇನೆ.

ಮೊನ್ನೆ ಅಕ್ಕ ನಡುವೆಯೇ ತಡೆದಳು. “ಆಕಿಗೆ ಆಗ ಇನ್ನೂ ಮಾತ ಬಂದಿದ್ದಿಲ್ಲೋ.”

ಆದರೆ ಆಯಿಯ ಗದರಿಕೆ ನನ್ನ ಕಿವಿಯಲ್ಲಿ ಇನ್ನೂ ಹಾಗೇ ಇದೆ. ಹಾಗಾದರೆ ಬೆಲ್ಲ ಕೇಳಿದವನು ನಾನೇ ಇರಬೇಕು.