ಹತ್ತರಿಂದ ಹನ್ನೊಂದರ ಹಬ್ಬ

ನಮ್ಮಮ್ಮನನ್ನು ನೋಡಿಕೊಳ್ಳಲು ಬರುವ ಹೋಮ್ ನರ್ಸ್‌ಗೆ ನಾನು ಅಕ್ಕ ಎನ್ನುತ್ತೇನೆ. ಆಕೆ ನನಗೆ ಅಣ್ಣ ಎನ್ನುತ್ತಾಳೆ. ಯಾರು ದೊಡ್ಡವರು ಎಂದು ಇಬ್ಬರೂ ಕೇಳಿಕೊಂಡಿಲ್ಲ.

ಮೊದಲು ಬ್ರೆಡ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳಂತೆ. ಅತ್ತೆ ಹಾಸಿಗೆ ಹಿಡಿದರು ಎಂದು ಕೆಲಸ ಬಿಟ್ಟು ಒಂಬತ್ತು ವರ್ಷ ಅವರ ಆರೈಕೆ ಮಾಡಿದಳು. ಅತ್ತೆ ಹೋದ ಮೇಲೆ ಫ್ಯಾಕ್ಟರಿಗೆ ಮತ್ತೆ ಹೋದರೆ ಆಕೆಯ ಜಾಗದಲ್ಲಿ ಮೆಷಿನ್ನು ಕೂತಿತ್ತು. ‘ನಂಗೆ ಬರೋದು ಇನ್ನೊಂದೇ ಕೆಲ್ಸ’ ಎಂದು ವಯಸ್ಸಾದವರ ಮನೆಗಳಿಗೆ ಹೋಗತೊಡಗಿದಳು. ನಮ್ಮಮ್ಮ ಆಕೆಗೆ ಏಳನೆಯವಳು.

ಬಂದ ಹೊಸದರಲ್ಲಿ ಒಂದು ವಾರ ಹೆಚ್ಚೇನೂ ಮಾಡದೆ ಅಮ್ಮನ ಎದುರು ಕುರ್ಚಿ ಹಾಕಿಕೊಂಡು ನೋಡುತ್ತಾ ಕೂತಳು. ನನಗೆ ಉರಿದುಹೋಯಿತು.

“ನೋಡ್ತಾ ಕೂರೋಕೆ ನಮ್ಮನೇಲೇ ಜನ ಇದ್ರು ಅಕ್ಕ.”

“ಇದ್ರು, ಆದ್ರೆ ನೋಡ್ಲಿಲ್ಲ” ಎಂದಳು. “ಪ್ರತಿಯೊಬ್ರಿಗೂ ಒಂದು ಒಳ್ಳೇ ಹೊತ್ತು ಅಂತ ಇರತ್ತೆ ಅಣ್ಣ. ನಿಮ್ಮಮ್ಮಂದು ಹತ್ತರಿಂದ ಹನ್ನೊಂದು.”

ನಿಜವೇ. ಆ ಒಂದು ಗಂಟೆ ಅಮ್ಮ ನಗುತ್ತಾಳೆ, ಬೈಯುತ್ತಾಳೆ, ಹೆಸರು ಹಿಡಿದು ಕರೆಯುತ್ತಾಳೆ. ಉಳಿದ ಹೊತ್ತೆಲ್ಲ ಬಸ್ಸು ತಪ್ಪಿದವಳ ಹಾಗೆ ಕಿಟಕಿ ನೋಡುತ್ತಿರುತ್ತಾಳೆ. ಸ್ನಾನ, ಉಗುರು ಕತ್ತರಿಸುವುದು, ಡಾಕ್ಟರು, ಎಲ್ಲವನ್ನೂ ಅಕ್ಕ ಆ ಗಂಟೆಯೊಳಗೇ ತುರುಕಿದಳು. ವಾರದ ಏಳೂ ದಿನ ಆ ಹೊತ್ತಿಗೆ ನಾನು ವೆಲ್ಡಿಂಗ್ ಶಾಪಿನಲ್ಲಿರುತ್ತೇನೆ. ಹಾಗಾಗಿ ಅಮ್ಮ ನನ್ನನ್ನು ಮಗನೇ ಎಂದು ಕರೆದು ಎಂಟು ತಿಂಗಳಾಗಿತ್ತು.

ಅದಕ್ಕೇ ಚಳಿಗಾಲದ ಹಬ್ಬಕ್ಕೆ ಕಾದಿದ್ದೆ. ಪ್ರತಿ ವರ್ಷ ಎಲ್ಲರಿಗೂ ಹೊಸ ಬಟ್ಟೆಯನ್ನು ಅಮ್ಮನೇ ಕೈಯಾರೆ ಕೊಡುತ್ತಾಳೆ, ಕೊಡುವಾಗ ಒಬ್ಬೊಬ್ಬರಿಗೂ ಒಂದೊಂದು ಮಾತು ಹೇಳುತ್ತಾಳೆ. ಈ ಸಲವೂ ಅವಳ ಕೈಯಿಂದ ನನ್ನ ಶರ್ಟು ಬರಬೇಕು, ಮಾತೂ ಬರಬೇಕು. ನನಗೆ ಬೇಕಿದ್ದದ್ದು ಅಷ್ಟೇ. ಆರು ಪೊಟ್ಟಣ ತಂದು ಅವಳ ಮಂಚದ ಪಕ್ಕ ಇಟ್ಟೆ. ನಾನು, ಹೆಂಡತಿ, ತಂಗಿ, ಭಾವ, ತಂಗಿಯ ಇಬ್ಬರು ಮಕ್ಕಳು.

“ಹಬ್ಬ ಬೆಳಿಗ್ಗೆ ಹತ್ತಕ್ಕೆ ಇಟ್ಕೊಳ್ಳಿ” ಎಂದಳು ಅಕ್ಕ.

“ತಂಗಿ ಬರೋದೇ ಸಂಜೆ ಬಸ್ಸಿಗೆ. ಹಬ್ಬಕ್ಕೂ ನಿಮ್ಮ ಟೈಂಟೇಬಲ್ಲಾ?” ಎಂದು ಗದರಿದೆ.

ಹಬ್ಬದ ಹಿಂದಿನ ದಿನ ಕೆಲಸ ಮುಗಿಸಿ ಬಂದರೆ ಮಂಚದ ಪಕ್ಕ ಒಂದೂ ಪೊಟ್ಟಣವಿಲ್ಲ.

“ಅಜ್ಜಿ ಹಂಚಿಬಿಟ್ರು” ಎಂದಳು ಅಕ್ಕ.

“ಯಾರಿಗೆ?”

ಸಿಲಿಂಡರ್ ತಂದವನು ಅಮ್ಮನಿಗೆ ಅಳಿಯನಂತೆ ಕಂಡನಂತೆ. ಕೊರಿಯರ್ ಹುಡುಗಿ ಸೊಸೆ. ಮೇಲಿನ ಮನೆಯ ಹೆಂಗಸು ಮಗಳು, ಅವಳ ಮಕ್ಕಳಿಬ್ಬರು ಮೊಮ್ಮಕ್ಕಳು. ಹತ್ತರಿಂದ ಹನ್ನೊಂದರೊಳಗೆ ಬಾಗಿಲಿಗೆ ಬಂದವರೆಲ್ಲ ನಮ್ಮ ಮನೆಯವರೇ ಆಗಿಬಿಟ್ಟಿದ್ದರು.

“ಹಬ್ಬ ನಾಳೆ ಅಂತ ಹೇಳೋಕೆ ಏನಾಗಿತ್ತು ನಿಮಗೆ?”

“ಹೇಳ್ದೆ. ‘ನಿನ್ನೇನೂ ನಾಳೆ ಅಂದಿದ್ದೆ’ ಅಂತ ನಂಗೇ ಬೈದ್ರು.”

“ನನ್ನ ಶರ್ಟು?”

“ಕರೆಂಟ್ ಮೀಟರ್ ನೋಡೋಕೆ ಬರ್ತಾರಲ್ಲ, ಅವರಿಗೆ. ಹದಿನೈದು ನಿಮಿಷ ಕೈ ಬಿಡ್ಲಿಲ್ಲ. ಕೆಲ್ಸ ಮಾಡುವಾಗ ಕಣ್ಣಿಗೆ ಕಪ್ಪು ಗ್ಲಾಸು ಹಾಕ್ಕೋತೀಯಾ ಇಲ್ವಾ ಅಂತ ಕೇಳಿದ್ರು.”

“ಅವನೇನಂದ?”

“ಹಾಕ್ಕೋತೀನಮ್ಮ ಅಂದ್ರು.”

ನಾನು ಹಾಕಿಕೊಳ್ಳುವುದಿಲ್ಲ. ಅದಕ್ಕೋ ಯಾವುದಕ್ಕೋ ತಲೆ ಕೆಟ್ಟು, “ನಾಳೆಯಿಂದ ಬರಬೇಡಿ” ಎಂದು ಕೂಗಿದೆ.

“ನಾಳೆ ಹೇಗೂ ನಂಗೆ ರಜಾ” ಎಂದು ಚಪ್ಪಲಿ ಮೆಟ್ಟಿಕೊಂಡಳು. “ನಾಡಿದ್ದು ಬರ್ತೀನಿ.”

ಹಬ್ಬದ ದಿನವೂ ಅಮ್ಮನನ್ನು ಹೆಂಡತಿಗೆ ಬಿಟ್ಟು ಮಧ್ಯಾಹ್ನದವರೆಗೆ ಶಾಪಿನಲ್ಲಿದ್ದೆ. ಸಂಜೆ ತಂಗಿಯ ಸಂಸಾರ ಬಂತು. ದೀಪ ಹಚ್ಚಿದೆವು, ಹಾಡಿದೆವು, ಮಕ್ಕಳು ಕುಣಿದರು. ಅಮ್ಮ ಗೋಡೆಗೆ ಸರಿದು ಕೂತು, “ಎಲ್ಲರಿಗೂ ಕೊಟ್ಟಾಯ್ತಲ್ಲ, ಇನ್ಯಾರಿವ್ರು?” ಎಂದಳು. ತಂಗಿ ಅಡುಗೆಮನೆಗೆ ಹೋಗಿ ಮೂಗು ಒರೆಸಿಕೊಂಡಳು.

“ಅಣ್ಣ, ನಾವು ಹಬ್ಬಕ್ಕೆ ಬಂದಿದ್ದೀವಾ, ಮುಗಿದ ಮೇಲೆ ಬಂದಿದ್ದೀವಾ?”

ಅಮ್ಮ ಹಬ್ಬ ಮಾಡಿಲ್ಲ ಎನ್ನುವ ಹಾಗಿರಲಿಲ್ಲ. ಮಗ, ಸೊಸೆ, ಮಗಳು, ಅಳಿಯ, ಮೊಮ್ಮಕ್ಕಳು, ಒಬ್ಬರನ್ನೂ ಬಿಡದೆ ಕರೆದು ಕೊಟ್ಟಿದ್ದಳು. ನಾವು ಮಾತ್ರ ಅಲ್ಲಿರಲಿಲ್ಲ.

ಬೆಳಿಗ್ಗೆ ಅವರನ್ನೆಲ್ಲ ಎಂಟರ ಬಸ್ಸಿಗೆ ಹತ್ತಿಸಿದೆ. ಆವತ್ತು ಶಾಪಿಗೆ ಹೋಗಲಿಲ್ಲ. ಇವತ್ತು ಹತ್ತು ಗಂಟೆಗೆ ಅಮ್ಮನ ಎದುರು ನಾನೇ ಕೂರುತ್ತೇನೆ, ಏನಾದರಾಗಲಿ ಎಂದುಕೊಂಡೆ. ಅಕ್ಕ ಹೇಳಿದಂತೆಯೇ ಬಂದಳು. ಬೈಗುಳದ ಸುದ್ದಿ ಎತ್ತದೆ ಅಮ್ಮನ ತಲೆ ಬಾಚಿದಳು, ನನಗೆ ಕುರ್ಚಿ ಸರಿಸಿಕೊಟ್ಟಳು. ಹತ್ತಾಯಿತು. ಅಮ್ಮನ ಕಣ್ಣು ಕಿಟಕಿ ಬಿಟ್ಟು ನನ್ನ ಕಡೆ ತಿರುಗಿತು. ಬಾಯಿ ತೆರೆದಳು.

ಬೆಲ್ಲು ಹೊಡೆಯಿತು.

ಬಾಗಿಲಲ್ಲಿ ಮೀಟರಿನವನು. ಕೈಯಲ್ಲಿ ನನ್ನ ಶರ್ಟು, ಮಡಿಕೆ ಕೂಡ ಬಿಚ್ಚಿಲ್ಲ.

“ಸಾರ್, ಅಜ್ಜಿ ಕೊಡುವಾಗ ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ. ಮನೇಲಿ ಹೆಂಡ್ತಿ ಬೈದ್ಲು, ಬೇರೆಯವರ ಮಗನ ಬಟ್ಟೆ ಅಂತ...”

“ಯಾರು, ಮಗ ಬಂದ್ನಾ?” ಒಳಗಿನಿಂದ ಅಮ್ಮನ ದನಿ.

“ಹ್ಞೂಂ ಅಮ್ಮ” ಎಂದೆ ನಾನು. “ಬಂದೆ ಅಮ್ಮ” ಎಂದ ಅವನೂ, ಅಭ್ಯಾಸವಾದವನ ಹಾಗೆ. ಆಮೇಲೆ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

ಇಬ್ಬರೂ ಒಳಗೆ ಹೋದೆವು. ಅಮ್ಮ ಅವನ ಕೈ ಹಿಡಿದುಕೊಂಡಳು. “ಶರ್ಟು ಕೈಯಲ್ಲಿ ಹಿಡ್ಕೊಂಡು ತಿರುಗ್ತೀಯಲ್ಲೋ, ಹಾಕ್ಕೋ. ಚಳಿ.” ಆಮೇಲೆ ನನ್ನನ್ನು ನೋಡಿದಳು. ಚೆನ್ನಾಗಿಯೇ ನೋಡಿದಳು, ನಗುತ್ತಲೇ.

“ಇವರ್ಯಾರಪ್ಪ?”

ಮೀಟರಿನವನು ಬೆವೆತುಹೋದ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ತೋರಿಸಬೇಕೋ ಗೊತ್ತಾಗದೆ ಅಲ್ಲೇ ನಿಂತುಬಿಟ್ಟಿತು. ಅಮ್ಮನ ಕೈ ಅವನ ಕೈಯಲ್ಲಿ ಅಷ್ಟು ಹಾಯಾಗಿತ್ತು.

“ಮೀಟರ್ ನೋಡೋಕೆ ಬಂದವನಮ್ಮ” ಎಂದೆ.

“ಹೊರಗೆ, ಮೆಟ್ಟಿಲ ಪಕ್ಕ ಇದೆ. ನೋಡ್ಕೊಳ್ಳಿ” ಎಂದಳು ಅಮ್ಮ, ಬಹಳ ಮರ್ಯಾದೆಯಿಂದ.

ಹೊರಗೆ ಬಂದು ಮೀಟರಿನ ಮುಂದೆ ನಿಂತೆ. ಅಂಕಿಗಳು ಓಡುತ್ತಿದ್ದವು. ಒಳಗೆ ಅಮ್ಮ ಏನೋ ಹೇಳಿ ಜೋರಾಗಿ ನಕ್ಕಳು, ಅವನೂ ನಕ್ಕ. ಹನ್ನೊಂದಕ್ಕೆ ಇನ್ನೂ ನಲವತ್ತು ನಿಮಿಷವಿತ್ತು. ಬೆಲ್ಲು ಹೊಡೆದು ಒಳಗೆ ಹೋಗಬೇಕೋ, ಹಾಗೇ ಹೋಗಬಹುದೋ ಎಂದು ತಿಳಿಯದೆ ನಿಂತೇ ಇದ್ದೆ.