ಯಾರೂ ಕೊಡದ ತಂಗಳು

ಆಹಾರ ಅಧ್ಯಯನದ ಎಂ.ಎ.ಗೆ ಹೊಸದಾಗಿ ಸೇರಿದವರಿಗೆ ಉಪಯೋಗವಾಗುವಂತೆ ಹತ್ತು ಸಲಹೆಗಳನ್ನು ಬರೆದು ಕಳಿಸಿ ಎಂದು ವಿಭಾಗದವರು ನನಗೆ ಪತ್ರ ಹಾಕಿದ್ದಾರೆ. ಹತ್ತಂತೆ! ನನಗೆ ಗೊತ್ತಿರುವುದು ಒಂದೇ. ಅದನ್ನು ಕಲಿಯುವುದಕ್ಕೆ ಒಂದು ವರ್ಷ ಹಿಡಿಯಿತು, ಎರಡು ಜೊತೆ ಚಪ್ಪಲಿ ಸವೆದವು, ಮೈತೂಕ ನಾಲ್ಕು ಕೆ.ಜಿ. ಬದಲಾಯಿತು. ಇಳಿದದ್ದಲ್ಲ, ಏರಿದ್ದು. ನನ್ನ ಪ್ರಬಂಧ ಹೇಗೋ ಒಪ್ಪಿಗೆಯಾಯಿತು ಅನ್ನುವ ಒಂದೇ ಕಾರಣಕ್ಕೆ ಈಗ ನಾನು ಬುದ್ಧಿ ಹೇಳುವ ಸಾಲಿಗೆ ಸೇರಿದ್ದೇನೆ.

ಶಾಲೆಯ ಕೆಲಸಕ್ಕೆ ಸಂಬಳವಿಲ್ಲದ ರಜೆ ಹಾಕಿ, ನಲವತ್ತು ದಾಟಿದ ಮೇಲೆ ಈ ಕೋರ್ಸಿಗೆ ಸೇರಿದವಳು ನಾನು. ಹುಟ್ಟಿ ಬೆಳೆದದ್ದು ಕೊಟ್ಟೂರು, ಸಂಸಾರ ದಾವಣಗೆರೆಯಲ್ಲಿ. ಪ್ರಬಂಧಕ್ಕೆ ವಿಷಯ ಆರಿಸುವಾಗ ಜೊತೆಯವರೆಲ್ಲ ಹಬ್ಬದ ಅಡುಗೆ, ಮದುವೆ ಊಟ ಎಂದು ಬರೆದುಕೊಟ್ಟರು. ನಾನು ದೊಡ್ಡ ಜಾಣೆ, ತಂಗಳು ಎಂದು ಬರೆದೆ. ನಿನ್ನೆ ಬಡಿದ ರೊಟ್ಟಿ, ನಿನ್ನೆಯ ಮುದ್ದೆ, ನಿನ್ನೆಯ ಅನ್ನ. ನಮ್ಮ ಕಡೆ ಬೆಳಗ್ಗೆ ಹೊಲಕ್ಕೆ ಹೋಗುವವರು, ಕುರಿ ಹೊಡೆದುಕೊಂಡು ಹೋಗುವವರು, ಅಂಗಡಿ ಬಾಗಿಲು ತೆಗೆಯುವವರು ಎಲ್ಲರೂ ಮೊದಲು ಹೊಟ್ಟೆಗೆ ಹಾಕಿಕೊಳ್ಳುವುದು ಅದನ್ನೇ. ಇಂಥ ವಿಷಯವನ್ನು ನಮ್ಮ ವಿಭಾಗದಲ್ಲಿ ಯಾರೂ ಮುಟ್ಟಿಲ್ಲ ಎಂದು ಬೀಗಿದೆ. ಯಾಕೆ ಮುಟ್ಟಿಲ್ಲ ಎಂದು ಒಂದು ಗಳಿಗೆ ಯೋಚಿಸಿದ್ದರೆ ಈ ಪಾಡು ಬರುತ್ತಿರಲಿಲ್ಲ.

ವಿಭಾಗದವರು ಕೊಟ್ಟ ಕೈಪಿಡಿಯ ಮೊದಲ ಪುಟದಲ್ಲಿ 'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ದಪ್ಪ ಅಕ್ಷರದಲ್ಲಿತ್ತು. ಒಳಗೆ ಅಪ್ಪಣೆಗಳು. ಮುಂಚಿತವಾಗಿ ತಿಳಿಸಿ ಹೋಗಿ. ಪುಟ್ಟ ತಕ್ಕಡಿ ಒಯ್ಯಿರಿ. ಬಡಿಸಿದ್ದನ್ನು ತೂಗಿ ಬರೆಯಿರಿ. ಮನೆಯವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ನನ್ನ ಮಾರ್ಗದರ್ಶಕರು ತಮ್ಮದೂ ಒಂದು ಸೇರಿಸಿದರು: "ಕೇಳಿ ಬರೆದದ್ದು ನಡೆಯುವುದಿಲ್ಲ. ನಿಮ್ಮ ಕಣ್ಣೆದುರು ತಟ್ಟೆಗೆ ಬಿದ್ದ ತಂಗಳು ಬೇಕು."

ಮೊದಲು ಕೂಡ್ಲಿಗಿಗೆ ಹೋದೆ. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ಅಕ್ಕನ ಮನೆ. ಕೈಪಿಡಿ ಹೇಳಿದಂತೆ ಎರಡು ದಿನ ಮೊದಲೇ ಫೋನ್ ಮಾಡಿ, ನಿಮ್ಮ ಮನೆಯ ಊಟ ನೋಡಲು ಬರುತ್ತೇನೆ ಎಂದಿದ್ದೆ. ಹೋಗಿ ನೋಡಿದರೆ ಹೋಳಿಗೆ, ಕಟ್ಟಿನ ಸಾರು, ಹಪ್ಪಳ. ತಂಗಳ ಮುದ್ದೆ ಎಲ್ಲಿ ಎಂದು ಕೇಳಿದೆ.

"ತಂಗಳಾ? ಅಯ್ಯ, ನಮ್ಮನ್ಯಾಗ ಏನೂ ಉಳಿಯಂಗಿಲ್ರಿ ಟೀಚರ್ರ. ಮದ್ಲು ಕೂಡ್ರಿ, ಹೋಳಿಗಿ ಆರತಾವು."

ಊಟ ನೋಡಲು ಬರುತ್ತೇನೆ ಎಂದು ಸಾರಿ ಹೋದರೆ ಯಾವ ಮನೆ ತಾನೇ ಸುಮ್ಮನಿರುತ್ತದೆ? ಈ ಸಲಹೆ ಬರೆದ ಪುಣ್ಯಾತ್ಮರು ಯಾರ ಮನೆಗಾದರೂ ಹೋಗಿದ್ದರೋ ಇಲ್ಲವೋ. ಮೂರು ಹೋಳಿಗೆ ತಿಂದೆ. ನಾಲ್ಕನೆಯದನ್ನು ಕಾಗದದಲ್ಲಿ ಸುತ್ತಿ ಕೊಟ್ಟರು.

ಮುಂದಿನ ಸಲ ಯಾರಿಗೂ ಹೇಳದೆ ಹೊರಟೆ. ಹಡಗಲಿಯಿಂದ ಮೊದಲ ಬಸ್ಸು ಹಿಡಿದು ಮಾಗಳದಲ್ಲಿ ಇಳಿದಾಗ ಇನ್ನೂ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದರು. ಹೊಲವೂ ಕುರಿಯೂ ಇದ್ದ ಮನೆ. ಅಲ್ಲಿನ ಅಜ್ಜಿ ನನ್ನನ್ನು ಒಳಗೆ ಕರೆದು ಕೂರಿಸಿದಳು. ಮೂಲೆಯಲ್ಲಿ ಬಟ್ಟೆ ಮುಚ್ಚಿದ ರೊಟ್ಟಿ ಬುಟ್ಟಿ ಕಂಡಿತು. ನನ್ನ ಎದೆ ಹಾರಿತು ಅಂದರೆ ನೀವು ನಗಬೇಡಿ, ನಿಜವಾಗಿ ಹಾರಿತು.

"ಅದ್ರಾಗ ಏನೈತಿ ಯಜ್ಜಿ?"

"ಏನಿಲ್ಲವ್ವ, ಖಾಲಿ ಬುಟ್ಟಿ" ಎಂದವಳೇ ಅಜ್ಜಿ ಸರಿದು ಹೋಗಿ, ಕಾವಿಗೆ ಕೂತ ಕೋಳಿಯ ಹಾಗೆ ಅದಕ್ಕೆ ಅಡ್ಡ ಕೂತಳು. ಬಟ್ಟೆಯ ಸೆರಗಿನಿಂದ ರೊಟ್ಟಿಯ ಅಂಚು ಇಣುಕುತ್ತಿತ್ತು. ಸೊಸೆಗೆ ಕೂಗಿ ಹೇಳಿದಳು: "ಹಂಚು ಇಡು, ಮಂದಿ ಬಂದಾರ."

ಬದನೆಕಾಯಿ ಪಲ್ಯದ ಜೊತೆ ನಾಲ್ಕು ಬಿಸಿ ರೊಟ್ಟಿ ತಿನ್ನಿಸಿಯೇ ಬಿಟ್ಟರು. ಬೀದಿಯ ತಿರುವಿಗೆ ಬಂದು ಹಿಂತಿರುಗಿ ನೋಡಿದರೆ, ಅಜ್ಜಿ, ಸೊಸೆ ಇಬ್ಬರೂ ಕಟ್ಟೆಯ ಮೇಲೆ ಕೂತು ಅದೇ ಬುಟ್ಟಿಯ ರೊಟ್ಟಿ ಮುರಿದು ತಿನ್ನುತ್ತಿದ್ದರು. ತಕ್ಕಡಿ ನನ್ನ ಹೆಗಲ ಚೀಲದಲ್ಲೇ ಇತ್ತು. ಓಡಿ ಹೋಗಿ ತೂಗಲೇ? ನಾಚಿಕೆಯಾಯಿತು. ಸಿಟ್ಟೂ ಬಂತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಹರಪನಹಳ್ಳಿ ಕಡೆಯ ತೆಲಿಗಿಯಲ್ಲಿ ಬೇರೆ ದಾರಿ ಹಿಡಿದೆ. ಹೊಸಿಲು ದಾಟುವ ಮೊದಲೇ ಎಲ್ಲವನ್ನೂ ಬಿಡಿಸಿ ಹೇಳಿದೆ. ನನಗೆ ತಂಗಳೇ ಬೇಕು, ಬಿಸಿ ಮಾಡಿದರೆ ಮುಟ್ಟುವುದಿಲ್ಲ, ತಟ್ಟೆಗೆ ಹಾಕಿ ಈ ಕಾಗದಕ್ಕೆ ಸಹಿ ಮಾಡಿ ಸಾಕು ಎಂದೆ. ಮನೆಯಾಕೆ ಗಂಡನ ಮುಖ ನೋಡಿದಳು. ಆತ ಒಪ್ಪಿಗೆ ಪತ್ರವನ್ನು ಇಸಿದುಕೊಂಡು ಮೇಲಿಂದ ಕೆಳಗಿನವರೆಗೆ ಎರಡು ಸಲ ಓದಿದ.

"ಅಲ್ರೀ ಮೇಡಮ್ಮರೇ, ಮನಿಗೆ ಬಂದೋರಿಗೆ ನಾವು ತಂಗಳ ಹಾಕಿದ್ವಿ ಅಂತ ನಾವೇ ಬರಕೊಟ್ಟು, ನಾವೇ ಸಹಿ ಮಾಡಬೇಕಾ? ನಾಳಿ ಇದನ್ನ ನಾಕ್ ಮಂದಿ ಓದಿದ್ರೆ ನಮ್ಮನಿಗೆ ಹೆಣ್ಣು ಕೊಡ್ತಾರೇನ್ರೀ?"

ಪತ್ರವನ್ನು ಮಡಿಚಿ ನನ್ನ ಕೈಗೇ ಕೊಟ್ಟ. ಇಂಥ ಮಾತಿಗೆ ಏನು ಹೇಳಬೇಕೆಂದು ಕೈಪಿಡಿಯಲ್ಲಿ ಬರೆದಿರಲಿಲ್ಲ. ಅಷ್ಟಾದರೂ ಆಕೆ ಉಪ್ಪಿಟ್ಟು ತಿನ್ನಿಸದೆ ಕಳಿಸಲಿಲ್ಲ.

ಹೀಗೆ ಎಂಟು ಮನೆ ಆದವು. ಎಲ್ಲಿಯೂ ತಂಗಳಿಲ್ಲ. ಮಾರ್ಗದರ್ಶಕರಿಗೆ ಫೋನ್ ಮಾಡಿದರೆ, "ಒಂದು ತಿಂಗಳೊಳಗೆ ಒಂದು ಮನೆಯಾದರೂ ಸಿಗದಿದ್ದರೆ ವಿಷಯ ಬದಲಿಸಿ" ಎಂದರು. ಬದಲಿಸುವುದೆಂದರೆ ಇನ್ನೊಂದು ವರ್ಷ, ಇನ್ನೊಂದು ವರ್ಷದ ರಜೆ. ಶಾಲೆಯವರು ಅದಕ್ಕೆ ಒಪ್ಪುವುದಿಲ್ಲ ಎಂದು ಮೊದಲೇ ಹೇಳಿದ್ದರು. ಓದನ್ನು ಅರ್ಧಕ್ಕೆ ಬಿಟ್ಟು ಮರಳಿದರೆ ಈ ವಯಸ್ಸಿನಲ್ಲಿ ಇವಳಿಗ್ಯಾಕೆ ಬೇಕಿತ್ತು ಎಂದವರ ಮಾತೇ ಗೆದ್ದಂತಾಗುತ್ತಿತ್ತು. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಕೂತು, ಸಿಟ್ಟಿಗೆ ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಿಂದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಕೊರಗುತ್ತಾರೆ. ನನಗೆ ತುತ್ತೆಲ್ಲ ಬಾಯಿಗೇ ಬಂತು, ಪ್ರಬಂಧಕ್ಕೆ ಒಂದೂ ಬರಲಿಲ್ಲ.

ಆಗ ಹೊಳೆಯಿತು, ಕೊಟ್ಟೂರಿನಲ್ಲಿ ನನ್ನ ತವರೇ ಇದೆಯಲ್ಲ! ಅವ್ವ, ತಮ್ಮ, ತಮ್ಮನ ಹೆಂಡತಿ, ಅವರ ಇಬ್ಬರು ಮಕ್ಕಳು ತುಂಬಿದ ಮನೆ. ನಾನು ಶಾಲೆಗೆ ಹೋಗುವಾಗ ಅವ್ವ ತಂಗಳ ರೊಟ್ಟಿಯನ್ನು ಮುರಿದು, ಮಜ್ಜಿಗೆ ಸುರಿದು, ಉಳ್ಳಾಗಡ್ಡಿ ಒಡೆದು ಹಾಕುತ್ತಿದ್ದಳು. ಬೇಡ ಎಂದು ಅತ್ತರೆ ಬೆನ್ನಿಗೊಂದು ಬೀಳುತ್ತಿತ್ತು. ಬೆನ್ನಿಗೆ ಹೊಡೆದು ತಿನ್ನಿಸಿದವಳು ಈಗ ಇಲ್ಲ ಅನ್ನುತ್ತಾಳೆಯೇ? ಮಾರನೆಯ ಬೆಳಗ್ಗೆಯೇ ಮನೆಗೆ ಹೋಗಿ, ಚಪ್ಪಲಿ ಬಿಡುತ್ತಲೇ ಹೇಳಿದೆ: "ಯವ್ವಾ, ನನಗ ತಂಗಳ ಹಾಕು."

"ಹ್ಞೂಂ, ಹಾಕ್ತೀನಿ ಕೂಡು" ಎಂದು ಒಳಗೆ ಹೋದಳು. ನಾನು ತಕ್ಕಡಿ ತೆಗೆದು ಒರೆಸಿ ಇಟ್ಟೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು. ನನಗೆ ತಲೆ ಕೆಟ್ಟುಹೋಯಿತು. ಎದ್ದು ಹೋಗಿ ಕೂಗಾಡಿದೆ. "ನಾ ಏನು ಈ ಮನಿಗೆ ಬೀಗ್ತಿನಾ? ಊರ ಮಂದಿ ಮಾಡಿದ್ದ ಸಾಕಾಗಿಲ್ಲ ಅಂತ ನೀನೂ ಶುರು ಮಾಡಿದಿ?"

ಅವ್ವ ಹಂಚಿನ ಕಡೆಯಿಂದ ತಿರುಗಲಿಲ್ಲ. ರೊಟ್ಟಿಯ ಮೇಲೆ ನೀರು ಸವರುತ್ತಲೇ ಹೇಳಿದಳು:

"ತಂಗಳ ಅಂದ್ರ ನಿನ್ನಿದು. ನಿನ್ನಿ ಮನ್ಯಾಗ ಇದ್ದೋರಿಗೆ ಅದು. ನಿನ್ನಿ ನೀ ಎಲ್ಲಿದ್ದಿ?"

ರೊಟ್ಟಿ ತಿರುವಿ ಹಾಕಿ ಅವಳೇ ಮುಂದುವರಿಸಿದಳು:

"ಮುಂಜಾನಿ ಬಸ್ಸಿಗೆ ಬರ್ತಿ, ಸಂಜಿ ಬಸ್ಸಿಗೆ ಹೋಗ್ತಿ. ಈ ಮನ್ಯಾಗ ನೀ ರಾತ್ರಿ ಮಕ್ಕಂಡಿದ್ದು ಯಾವಾಗ, ನೀನ ಹೇಳು ನೋಡೂನು."

ನೆನಪಿಗೆ ಬರಲಿಲ್ಲ. ಮಕ್ಕಳ ಪರೀಕ್ಷೆ, ಶಾಲೆಯ ಕೆಲಸ, ಕೊನೆಯ ಬಸ್ಸು ತಪ್ಪುತ್ತದೆ, ಒಂದಲ್ಲ ಒಂದು ನೆಪ ಯಾವಾಗಲೂ ಇರುತ್ತಿತ್ತು. ದಾವಣಗೆರೆ ಏನು ಸಮುದ್ರದಾಚೆ ಇಲ್ಲ. ಅವತ್ತು ತುಪ್ಪ ಸವರಿದ ಬಿಸಿ ರೊಟ್ಟಿಯನ್ನು ತಲೆ ತಗ್ಗಿಸಿ ತಿಂದೆ. ಸಂಜೆ ಬಸ್ಸಿಗೆ ಹೋಗಲಿಲ್ಲ.

ಮರುದಿನವೂ ಬಿಸಿ ರೊಟ್ಟಿಯೇ ಬಂತು. "ಒಂದಿನ ಉಳಿದ್ರ ಆತೇನು?" ಅಂದಳು ಅವ್ವ. ಈ ಹೆಣ್ಣುಮಗಳನ್ನು ವಿಭಾಗದ ಪರೀಕ್ಷಕಿಯಾಗಿ ಕೂರಿಸಿದರೆ ಒಬ್ಬರೂ ಪಾಸಾಗುವುದಿಲ್ಲ ಎಂದು ಒಳಗೊಳಗೇ ಗೊಣಗಿದೆ. ಆದರೂ ಇದ್ದೆ. ಆಮೇಲೆ ಇದೇ ದಾರಿಯಲ್ಲಿ ಹೊದಿಕೆ ಸಮೇತ ಮಾಗಳಕ್ಕೂ ಹೋದೆ, ತೆಲಿಗಿಗೂ ಹೋದೆ. ಅಲ್ಲಿ ಸಿಕ್ಕಿದ್ದು ಪ್ರಬಂಧದಲ್ಲಿದೆ, ಬೇಕಾದವರು ಓದಿಕೊಳ್ಳಲಿ. ಹೊಸಬರಿಗೆ ನನ್ನ ಒಂದೇ ಸಲಹೆ ಅದೇ: ಹೋದ ಮನೆಯಲ್ಲಿ ಉಳಿಯಿರಿ, ಅವರಿಗೆ ನಿಮ್ಮ ಮೇಲೆ ಬೇಸರ ಬರುವಷ್ಟು ದಿನ ಉಳಿಯಿರಿ. ಉಳಿದ ಒಂಬತ್ತನ್ನು ಕೈಪಿಡಿ ಬರೆದವರೇ ತುಂಬಿಕೊಳ್ಳಲಿ.

ತವರಿನಲ್ಲಿ ಉಳಿದ ಆ ಮೂರನೆಯ ಬೆಳಗ್ಗೆ ನನ್ನ ತಮ್ಮ ಅಂಗಡಿಗೆ ಹೊರಟ ಅವಸರದಲ್ಲಿದ್ದ, ಮಕ್ಕಳು ಸಮವಸ್ತ್ರದಲ್ಲಿ ಕೂತು ಒಬ್ಬರನ್ನೊಬ್ಬರು ಚಿವುಟುತ್ತಿದ್ದರು. ತಮ್ಮನ ಹೆಂಡತಿ ಬುಟ್ಟಿ ತಂದು ಎಲ್ಲರ ತಟ್ಟೆಗೂ ರೊಟ್ಟಿ ಮುರಿದು ಹಾಕುತ್ತ ಬಂದಳು. ನನ್ನ ಮುಂದೆ ಬಂದಾಗ ಕೈ ತಡೆದು, "ಅಕ್ಕಾ, ಐದ್ ನಿಮಿಷ, ಬಿಸಿ ಬಡೀತೀನಿ" ಎಂದು ಹಿಟ್ಟಿನ ಡಬ್ಬಿಯ ಕಡೆ ತಿರುಗಿದಳು.

"ಆಕಿಗೂ ಅದನ್ನ ಹಾಕು" ಎಂದಳು ಅವ್ವ.

ತಟ್ಟೆಗೆ ರೊಟ್ಟಿಯ ಚೂರುಗಳು ಬಿದ್ದವು, ಮೇಲೆ ಮಜ್ಜಿಗೆ, ಗುರೆಳ್ಳು ಪುಡಿ. ತಕ್ಕಡಿ ಗೂಟಕ್ಕೆ ಹಾಕಿದ ಚೀಲದಲ್ಲಿತ್ತು, ಕೈಚಾಚಿದರೆ ಸಿಗುತ್ತಿತ್ತು. ಚಾಚಲಿಲ್ಲ. ಅಂದು ಅತ್ತು ಬೇಡವೆಂದದ್ದಕ್ಕೆ ಇಂದು ಅಳು ಬರುತ್ತಿದೆಯಲ್ಲ ಎಂದು ನನ್ನ ಮೇಲೆ ನನಗೇ ರೇಗಿತು. ಅವ್ವ ಅದನ್ನು ಕಂಡಳೋ ಇಲ್ಲವೋ. ಮುಷ್ಟಿಯಲ್ಲಿ ಗುದ್ದಿದ ಉಳ್ಳಾಗಡ್ಡಿಯ ಅರ್ಧವನ್ನು ನನ್ನ ತಟ್ಟೆಗೆ ಹಾಕಿ ಕೇಳಿದಳು:

"ಇವತ್ತೂ ಇರ್ತಿ, ಹೌದಿಲ್ಲ? ಹಂಗಾರ ಸಂಜಿಕಿ ಎಲ್ಡು ರೊಟ್ಟಿ ಜಾಸ್ತಿ ಬಡೀತೀನಿ. ನಾಳಿಗೆ ನಿನಗೂ ಉಳೀಬೇಕಲ್ಲ."