ಗುರ್ ಎನ್ನದ ನಾಯಿ

ನನ್ನ ದೊಡ್ಡಮ್ಮನಿಗೆ ಹಟ ಹುಟ್ಟಿನಿಂದಲೇ ಬಂದದ್ದು. ಇಪ್ಪತ್ತೆರಡು ವರ್ಷದಿಂದ ಅವಳು ವಾಹನಗಳ ಸೀಟ್ ಕವರ್ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಹೊಲಿಗೆ ಒಂದೆಳೆ ಆಚೀಚೆಯಾದರೂ ಇಡೀ ಸಾಲು ಬಿಚ್ಚುತ್ತಾಳೆ. ಮನೆಯಲ್ಲಿ ನಮ್ಮನ್ನೂ ಹಾಗೇ ಬಿಚ್ಚಿ ಹೊಲಿದಿದ್ದಾಳೆ.

ಆ ಅಂಗಡಿಯಲ್ಲೊಂದು ನಾಯಿ. ಎಲ್ಲರ ಕೆಲಸವನ್ನೂ ಮಲಗಿದಲ್ಲಿಂದಲೇ ನೋಡುತ್ತಿದ್ದುದರಿಂದ ಅದಕ್ಕೆ ಮೇಸ್ತ್ರಿ ಎಂದು ಹೆಸರು. ಮಲಗುವುದು ಫೋಮ್ ಹಾಳೆಗಳ ಮೇಲೆ. ಯಾರಾದರೂ ಅಡಿಯ ಹಾಳೆ ಎಳೆದರೆ ಗುರ್ ಎನ್ನುತ್ತಿತ್ತು. ಗಿರಾಕಿಗಳು ಹೆದರುತ್ತಾರೆಂದು, ಯಜಮಾನ ಊರಲ್ಲಿಲ್ಲದಾಗ ದೊಡ್ಡಮ್ಮ ಅದಕ್ಕೆ ಬುದ್ಧಿ ಕಲಿಸಲು ಹೊರಟಳು. ಗುರ್ ಎಂದಾಗಲೆಲ್ಲ ಬಟ್ಟೆ ಅಳೆಯುವ ಕಬ್ಬಿಣದ ಪಟ್ಟಿಯಿಂದ ಮೂತಿಗೊಂದು. ಎರಡು ವಾರದಲ್ಲಿ ನಾಯಿ ಬಾಯಿ ಮುಚ್ಚಿತು. ಯಜಮಾನ ಬಂದ ಮೇಲೆ ನಾಯಿ ಎಷ್ಟು ಸಾಧುವಾಗಿದೆ ನೋಡಿ ಎಂದು ಬೀಗಿದವಳೂ ಇವಳೇ. ಪಟ್ಟಿಯ ಸುದ್ದಿ ಎತ್ತಲಿಲ್ಲ, ಜೊತೆಯವರೂ ಬಾಯಿ ಬಿಡಲಿಲ್ಲ.

ಕೆಲವು ತಿಂಗಳ ಮೇಲೆ ಯಜಮಾನ ಹಾಳೆ ಎಳೆಯಲು ಬಗ್ಗಿದ. ಸದ್ದಿಲ್ಲ, ಸುಳಿವಿಲ್ಲ, ಮೇಸ್ತ್ರಿ ಅವನ ಅಂಗೈಗೆ ಬಾಯಿ ಹಾಕಿತು. ಏಳು ಹೊಲಿಗೆ ಬಿತ್ತು. ಹೇಳದೆ ಕೇಳದೆ ಕಚ್ಚುವ ನಾಯಿ ತನಗೆ ಬೇಡ, ಸೂಜಿ ಹಾಕಿಸಿ ಮುಗಿಸುತ್ತೇನೆ ಎಂದ.

ದೊಡ್ಡಮ್ಮ ಅವನಿಗಿಂತ ಮೊದಲೇ ಪಶುವೈದ್ಯೆಯ ಹತ್ತಿರ ಓಡಿದಳು. ನಡೆದದ್ದನ್ನೆಲ್ಲ ಕೇಳಿ ಆಕೆ ಮೊದಲು ಹೇಳಿದ್ದು ಇದು: “ಗುರ್ ಅನ್ನೋದು ‘ಭಯ ಆಗ್ತಿದೆ, ಹತ್ರ ಬರ್ಬೇಡ’ ಅಂತ ಹೇಳೋದಮ್ಮ. ನೀವು ಅದರ ಭಯ ಕಳೀಲಿಲ್ಲ, ಬಾಯಿ ಮುಚ್ಚಿಸಿದ್ರಿ.”

ಅಂದು ದೊಡ್ಡಮ್ಮನಿಗೆ ಊಟ ಸೇರಲಿಲ್ಲ. ಮರುದಿನ ಯಜಮಾನನನ್ನು ಕಾಡಿ ಬೇಡಿ ಒಂದು ತಿಂಗಳ ಗಡುವು ಪಡೆದಳು. ತನ್ನ ತಪ್ಪನ್ನೂ ಹೇಳಬೇಕೆಂದೇ ಹೋಗಿದ್ದಳು, ಆದರೆ ಕೆಲಸ ಹೋದೀತೆಂಬ ಅಳುಕಿಗೆ ಮಾತು ನುಂಗಿಕೊಂಡು ಬಂದಳು. ಅದಕ್ಕಾಗಿ ತನ್ನನ್ನು ತಾನೇ ಬೈದುಕೊಂಡಿದ್ದು ನಮಗೆಲ್ಲ ಕೇಳಿಸಿತು.

ಪಟ್ಟಿ ಕಪಾಟಿನೊಳಗೆ ಹೋಯಿತು. ನಾಯಿ ಮಲಗಿದ್ದಾಗ ಹಾಳೆ ಎಳೆಯಕೂಡದೆಂದು ಎಲ್ಲರಿಗೂ ತಾಕೀತು ಮಾಡಿದಳು. ತಾನು ವೈದ್ಯೆ ಹೇಳಿಕೊಟ್ಟಂತೆ ನಾಲ್ಕು ಹೆಜ್ಜೆ ದೂರ ನಿಂತು ಬೇಯಿಸಿದ ಮೊಟ್ಟೆಯ ಚೂರು ಹಿಡಿದು ಕರೆಯುವಳು. ಎದ್ದು ಬಂದರೆ ಮೊಟ್ಟೆ, ಬಾರದಿದ್ದರೆ ಕಾಯುವುದು. ನಾಯಿ ತುಟಿ ನೆಕ್ಕಿಕೊಂಡರೆ, ನಿದ್ದೆ ಬಾರದಿದ್ದರೂ ಆಕಳಿಸಿದರೆ, ಮೈ ಸೆಟೆಸಿದರೆ, ಅದು ಭಯದ ಗುರುತೆಂದು ಒಂದು ಹೆಜ್ಜೆ ಹಿಂದೆ ಸರಿಯುವಳು. ಮೇಸ್ತ್ರಿಗೆ ಬಡ್ತಿ ಸಿಕ್ಕಿದೆ, ಇನ್ನು ಫೋಮ್ ಬೇಕಾದರೆ ಅರ್ಜಿ ಕೊಡಬೇಕು ಎಂದು ಜೊತೆಯವರು ಆಡಿಕೊಂಡರು. ಅವಳು ಸೊಪ್ಪು ಹಾಕಲಿಲ್ಲ. ಮೂರನೇ ವಾರಕ್ಕೆ ಮೇಸ್ತ್ರಿ ಕರೆದ ಕೂಡಲೇ ಬಾಲವಾಡಿಸುತ್ತ ಬರತೊಡಗಿತು. ಆದರೆ ಗಂಟಲಿನಿಂದ ಒಂದು ಸದ್ದೂ ಬರಲಿಲ್ಲ, ಅದೇ ಅವಳನ್ನು ಕೊರೆಯುತ್ತಿತ್ತು.

ಗಡುವಿನ ಕೊನೆಯ ದಿನ ಯಜಮಾನ ಫೋನಿನಲ್ಲಿ ಮಾತಾಡುತ್ತಲೇ ಬಂದು, ಹಳೆಯ ಅಭ್ಯಾಸದಂತೆ ನೇರ ಹಾಳೆಗೆ ಕೈ ಹಾಕಿದ. ಮೇಸ್ತ್ರಿ ಸೆಟೆಯಿತು. ಮುಖ ಪಕ್ಕಕ್ಕೆ ತಿರುಗಿಸಿತು. ಆಮೇಲೆ ಗಂಟಲಿನಾಳದಿಂದ ಗುರ್ ಎಂದಿತು.

“ನೋಡಿದ್ರಾ ಅಕ್ಕಾ, ಇದು ಸರಿಹೋಗಲ್ಲ,” ಎಂದ ಯಜಮಾನ. ಕೈ ಮಾತ್ರ ಅಲ್ಲೇ ಇತ್ತು.

ದೊಡ್ಡಮ್ಮ ಮಿಷಿನ್ನಿನಿಂದ ಎದ್ದಳು. “ಕೈ ಹಿಂದಕ್ಕೆ ತಗೊಳ್ಳಿ ಯಜಮಾನ್ರೇ. ಹೋದ ಸಲ ಅದು ಹೇಳ್ದೆ ಕಚ್ಚಿದ್ದು ನನ್ನಿಂದ. ಗುರ್ ಅಂದಾಗೆಲ್ಲ ಹೊಡ್ದು ಹೊಡ್ದು ಬಾಯಿ ಮುಚ್ಚಿಸಿದ್ದೆ. ಕಳಿಸೋದಾದ್ರೆ ನನ್ನ ಕಳಿಸಿ. ಈಗ ಅದು ಹೇಳ್ತಾ ಇದೆ, ಕೇಳಿಸ್ಕೊಳ್ಳಿ.”

ಯಜಮಾನ ಅವಳ ಮುಖ ನೋಡಿದ, ನಾಯಿಯ ಮುಖ ನೋಡಿದ. ನಿಧಾನಕ್ಕೆ ಕೈ ತೆಗೆದ. ಗುರ್ ನಿಂತಿತು. ಅವನು ದೊಡ್ಡಮ್ಮ ಮಾಡುತ್ತಿದ್ದಂತೆ ನಾಲ್ಕು ಹೆಜ್ಜೆ ಹಿಂದೆ ಸರಿದು, “ಮೇಸ್ತ್ರಿ, ಬಾ,” ಎಂದು ಕರೆದ. ಅದು ಎದ್ದು, ಮೈ ಕೊಡವಿ, ಅವನ ಹತ್ತಿರ ಬಂತು. ದೊಡ್ಡಮ್ಮ ಎಲ್ಲರೆದುರೇ ಅತ್ತುಬಿಟ್ಟಳು.

“ಯಾರೂ ಎಲ್ಲಿಗೂ ಹೋಗೋದು ಬೇಡ,” ಎಂದು ಯಜಮಾನ ಹಾಳೆ ಎತ್ತಿಕೊಂಡು ಒಳಗೆ ಹೋದ.